ಅಂಚೆ ಡಬ್ಬಿ ಮನೆಯಲ್ಲಿ, ಗೇಟು ಹೊರಗೆ: ಸ್ವಂತ ಇಮೇಲ್ ಸರ್ವರ್ ನಡೆಸುವ ಬಗೆ

ಮನೆಯಲ್ಲಿ ಇಮೇಲ್ ಸರ್ವರ್ ಇಡುತ್ತೇನೆ ಎಂದರೆ ಸಾಕು, ಗೊತ್ತಿರುವವರೆಲ್ಲ ಬೇಡ ಎನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ನಿಮಗೆ ಬರುವ ಮೇಲ್ ಪಡೆಯುವುದು ಸುಲಭ, ಒಂದು ಭಾನುವಾರ ಕೂತರೆ ಆಗುತ್ತದೆ. ನೀವು ಕಳುಹಿಸಿದ ಮೇಲ್ ಎದುರಿನವರ ಸ್ಪ್ಯಾಮ್ ಫೋಲ್ಡರಿಗೆ ಬೀಳದಂತೆ ನೋಡಿಕೊಳ್ಳುವುದೇ ಕಷ್ಟ, ಅದಕ್ಕೆ ವಾರಗಳು ಬೇಕು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಕೂತವರು ಬೇಗ ಸುಸ್ತಾಗಿ ಕೈಬಿಡುತ್ತಾರೆ. ಒಂದೊಂದಾಗಿ ಬಿಡಿಸಿಕೊಂಡು ಮಾಡಿದರೆ ಖಂಡಿತ ಆಗುತ್ತದೆ.

ನಾನು ಸಾಗರದ ಹತ್ತಿರದ ಒಂದು ಹಳ್ಳಿಯ ಮನೆಯಿಂದ ಇದನ್ನು ನಡೆಸುತ್ತಿದ್ದೇನೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕೆಲವು ಸಲ ಎರಡು ದಿನ ಕರೆಂಟ್ ಇರುವುದಿಲ್ಲ. ಅಂಥ ಜಾಗದಲ್ಲೂ ಇದುವರೆಗೆ, ನನಗೆ ತಿಳಿದಂತೆ, ಕರೆಂಟ್ ಹೋಗಿದ್ದರಿಂದ ಒಂದು ಮೇಲೂ ಕಳೆದುಹೋಗಿಲ್ಲ. ಅದು ಹೇಗೆ ಅಂತ ಅರ್ಥವಾದರೆ ಉಳಿದ ಕೆಲಸವೂ ಅರ್ಥವಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸೆಟ್ಟಿಂಗುಗಳ ಹೆಸರನ್ನು ಓದಿದ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

ಎರಡು ಸರ್ವರ್‌ಗಳ ಮಾತುಕತೆ

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಅನ್ನುವ ಪದ್ಧತಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟರು. ಇವತ್ತಿಗೂ ಅದರ ಮೈಕಟ್ಟು ಅದೇ. ಒಂದು ಸರ್ವರ್ ಇನ್ನೊಂದರ ಪೋರ್ಟ್ 25ರ ಬಾಗಿಲು ತಟ್ಟುತ್ತದೆ. ಒಳಗಿನದು 220 ಎಂಬ ಅಂಕಿಯ ಜೊತೆ ತನ್ನ ಹೆಸರು ಹೇಳುತ್ತದೆ. ಹೊರಗಿನದು ತಾನು ಯಾರು ಎನ್ನುತ್ತದೆ. ಒಳಗಿನದು 250, ಸರಿ. ಇಂಥವರಿಂದ ಮೇಲ್ ತಂದಿದ್ದೇನೆ. 250. ಇಂಥವರಿಗೆ ಕೊಡಬೇಕು. 250. ಹಾಗಾದರೆ ಈಗ ಕಾಗದ ಕೊಡುತ್ತೇನೆ. 354, ಕೊಡು. ಆಮೇಲೆ ಮೇಲ್‌ನ ಪೂರ್ತಿ ಪಠ್ಯ ಬರುತ್ತದೆ, ಕೊನೆಗೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ. ಆ ಚುಕ್ಕಿ ನೋಡಿದ ಮೇಲೆ ಒಳಗಿನ ಸರ್ವರ್ ಇಡೀ ಮೇಲನ್ನು ಡಿಸ್ಕಿಗೆ ಬರೆದು, ಬರೆದಾಯಿತು ಎಂದು ಖಚಿತ ಮಾಡಿಕೊಂಡು, ಇನ್ನೊಂದು ಸಲ 250 ಎನ್ನುತ್ತದೆ.

ಈ ಕೊನೆಯ 250 ಇದೆಯಲ್ಲ, ಎಲ್ಲ ಇರುವುದು ಅದರಲ್ಲಿ. ಅದನ್ನು ಹೇಳುವ ತನಕ ಮೇಲ್‌ನ ಹೊಣೆ ಕಳುಹಿಸಿದವರದು. ಹೇಳಿದ ಮೇಲೆ ನಿಮ್ಮದು. ನಿಮ್ಮ ಸರ್ವರ್ ಸತ್ತು ಮಲಗಿದ್ದರೆ, ಅಥವಾ 4ರಿಂದ ಶುರುವಾಗುವ ಅಂಕಿ ಹೇಳಿ ಈಗ ಆಗಲ್ಲ ಎಂದರೆ, ಎದುರಿನ ಸರ್ವರ್ ಆ ಮೇಲನ್ನು ತನ್ನ ಸರದಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಂದು ತಟ್ಟುತ್ತದೆ. ಕನಿಷ್ಠ 4-5 ದಿನ ಪ್ರಯತ್ನ ಬಿಡಬಾರದು ಅಂತ ನಿಯಮದಲ್ಲೇ ಇದೆ. 5ರಿಂದ ಶುರುವಾಗುವ ಅಂಕಿ ಹೇಳಿದರೆ ಮಾತ್ರ ಅಲ್ಲಿಗೆ ಮುಗಿಯಿತು, ಮೇಲ್ ವಾಪಸ್. ಅದಕ್ಕೇ ಎರಡು ದಿನದ ಕರೆಂಟ್ ಕಡಿತ ಇಮೇಲಿಗೆ ದೊಡ್ಡ ವಿಷಯವೇ ಅಲ್ಲ. ಕರೆಂಟ್ ಬಂದ ಮೇಲೆ ಲಾಗ್ (ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ಫೈಲು) ತೆರೆದು ಕೂತರೆ ಕಾಣುತ್ತದೆ: ಮೊದಲ ಹತ್ತು ನಿಮಿಷ ಏನೂ ಇಲ್ಲ, ಆಮೇಲೆ ಒಂದು ಮೇಲ್, ಸ್ವಲ್ಪ ಬಿಟ್ಟು ಮೂರು, ಹೀಗೆ ಕಾದು ನಿಂತವರೆಲ್ಲ ಒಬ್ಬೊಬ್ಬರಾಗಿ ಬರುತ್ತಾರೆ. ಅದನ್ನು ಮೊದಲ ಸಲ ನೋಡಿದ ದಿನ ನನಗೆ ಈ ಹಳೆಯ ಪದ್ಧತಿಯ ಮೇಲೆ ನಿಜವಾಗಿ ಪ್ರೀತಿ ಹುಟ್ಟಿತು.

ಮೊದಲು ಮನೆಯ ಸಂಪರ್ಕ ನೋಡಿ

ಯಂತ್ರದ ವಿಷಯದಲ್ಲಿ ತಲೆಕೆಡಿಸಿಕೊಳ್ಳಬೇಡಿ. ಒಂದು ಮನೆಯ ಮೇಲಿಗೆ ರಾಸ್‌ಬೆರಿ ಪೈ 4 ಧಾರಾಳ ಸಾಕು, ಹಳೆಯ ಲ್ಯಾಪ್‌ಟಾಪ್ ಇನ್ನೂ ಒಳ್ಳೆಯದು. ಬ್ಯಾಟರಿ ಸರಿ ಇದ್ದರೆ ಅದೇ ಅದರ ಯುಪಿಎಸ್. ಬ್ಯಾಟರಿ ಉಬ್ಬಿದ್ದರೆ ಮಾತ್ರ ತೆಗೆದುಹಾಕಿ, ಇಪ್ಪತ್ನಾಲ್ಕು ಗಂಟೆ ಚಾರ್ಜಿಗೆ ಹಾಕಿಟ್ಟ ಉಬ್ಬಿದ ಬ್ಯಾಟರಿ ಮನೆಯೊಳಗೆ ಇರಬಾರದು. ಪೈ ಆದರೆ ಮೇಲುಗಳನ್ನು ಎಸ್‌ಡಿ ಕಾರ್ಡಿನಲ್ಲಿ ಇಡಬೇಡಿ. ಸದಾ ಬರೆದು ಅಳಿಸುವ ಕೆಲಸಕ್ಕೆ ಆ ಕಾರ್ಡುಗಳು ತಡೆಯುವುದಿಲ್ಲ. ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿ. ರೂಟರಿಗೂ ಫೈಬರ್ ಡಬ್ಬಿಗೂ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಅದೊಂದು ತಗೊಳ್ಳಿ.

ನಿಜವಾದ ಪ್ರಶ್ನೆ ನಿಮ್ಮ ಇಂಟರ್‌ನೆಟ್ ಸಂಪರ್ಕದ್ದು. ಎರಡು ವಿಷಯ ನೋಡಬೇಕು.

ಒಂದು, ನಿಮಗೆ ಸ್ವಂತ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ಟಿನಲ್ಲಿ ನಿಮ್ಮ ಮನೆಯ ಅಂಕಿ, ಇದೆಯಾ? ರೂಟರಿನ ಒಳಗೆ ಹೋಗಿ ಹೊರಬದಿಯ ವಿಳಾಸ ನೋಡಿ, ಆಮೇಲೆ ನನ್ನ ಐಪಿ ಏನು ಅಂತ ತೋರಿಸುವ ಯಾವುದಾದರೂ ತಾಣದಲ್ಲಿ ನೋಡಿ. ಎರಡೂ ಬೇರೆ ಇದ್ದರೆ, ಅದರಲ್ಲೂ ರೂಟರಿನದು 100.64ರಿಂದ 100.127ರ ಒಳಗೆ ಇದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ವಿಳಾಸವನ್ನು ಬಹಳ ಮನೆಗಳು ಹಂಚಿಕೊಂಡಿವೆ, ಹೊರಗಿನಿಂದ ಯಾರೂ ನೇರ ನಿಮ್ಮ ಬಾಗಿಲಿಗೆ ಬರಲಾರರು. ನಮ್ಮಲ್ಲಿ ಎಷ್ಟೋ ಮನೆ ಸಂಪರ್ಕಗಳು ಹೀಗೇ ಇರುತ್ತವೆ.

ಎರಡು, ಪೋರ್ಟ್ 25 ತೆರೆದಿದೆಯಾ? ಮನೆಯಿಂದ ಟೆಲ್‌ನೆಟ್ ಹಾಕಿ ಯಾವುದಾದರೂ ದೊಡ್ಡ ಮೇಲ್ ಸರ್ವರಿನ 25ಕ್ಕೆ ಸಂಪರ್ಕ ಮಾಡಿ ನೋಡಿ. 220 ಬಂದರೆ ತೆರೆದಿದೆ. ಸುಮ್ನೆ ಕಾಯುತ್ತಾ ಕೂತರೆ ಮುಚ್ಚಿದೆ. ಮನೆ ಗ್ರಾಹಕರಿಗೆ ಇದನ್ನು ಮುಚ್ಚುವುದಕ್ಕೆ ಕಾರಣ ಇದೆ. ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಇದೇ ದಾರಿಯಲ್ಲಿ ಜಗತ್ತಿಗೆಲ್ಲ ಸ್ಪ್ಯಾಮ್ ಸುರಿಯುತ್ತಿದ್ದವು.

ಎರಡೂ ಸರಿ ಇದ್ದರೂ ಮನೆಯ ವಿಳಾಸದಿಂದ ನೇರವಾಗಿ ಕಳುಹಿಸಬೇಡಿ. ಸ್ಪ್ಯಾಮ್‌ಹೌಸ್ ಅನ್ನುವ ಸಂಸ್ಥೆ ಪಿಬಿಎಲ್ ಎಂಬ ಪಟ್ಟಿ ಇಟ್ಟಿದೆ. ನೇರವಾಗಿ ಮೇಲ್ ಕಳುಹಿಸಬಾರದ ವಿಳಾಸಗಳು, ಅಂದರೆ ಮನೆ ಸಂಪರ್ಕಗಳು, ರಾಶಿ ರಾಶಿಯಾಗಿ ಅದರಲ್ಲಿವೆ. ನೀವು ಯಾವ ತಪ್ಪೂ ಮಾಡಿರಬೇಕಿಲ್ಲ. ಮನೆಯ ವಿಳಾಸ ಎಂಬುದೊಂದೇ ಸಾಕು, ಎದುರಿನ ಸರ್ವರ್ ಮಾತು ಕೇಳುವ ಮೊದಲೇ 550 ಎಂದುಬಿಡುತ್ತದೆ.

ಹೊರಗೊಂದು ಗೇಟು

ಹಾಗಾಗಿ ನನ್ನ ಸಲಹೆ ಇಷ್ಟು: ಡಬ್ಬಿ ಮನೆಯಲ್ಲಿರಲಿ, ಗೇಟು ಮಾತ್ರ ಹೊರಗಿರಲಿ. ಅತಿ ಚಿಕ್ಕ ವಿಪಿಎಸ್ (ಕಂಪನಿಯೊಂದರ ಕಡೆ ಸದಾ ಓಡುವ ಬಾಡಿಗೆ ಸರ್ವರ್) ಒಂದನ್ನು ಬಾಡಿಗೆಗೆ ತಗೊಳ್ಳಿ. 1 ಜಿಬಿ ಮೆಮೊರಿ ಸಾಕು, ತಿಂಗಳಿಗೆ ಕೆಲವು ನೂರು ರೂಪಾಯಿ ಆಗುತ್ತದೆ. ಅದಕ್ಕೆ ಬದಲಾಗದ ಐಪಿ ವಿಳಾಸ ಇರುತ್ತದೆ. ಪ್ರಪಂಚ ಬಂದು ತಟ್ಟುವುದು ಆ ಗೇಟನ್ನು. ಮೇಲುಗಳು ಉಳಿಯುವುದು ಮಾತ್ರ ನಿಮ್ಮ ಮನೆಯ ಡಿಸ್ಕಿನಲ್ಲಿ. ಮೇಲ್ ಆ ಗೇಟಿನ ಮೂಲಕ ಹಾದುಹೋಗುತ್ತದೆ ಎಂಬುದು ನಿಜ, ಆ ಕ್ಷಣಕ್ಕೆ ಅಲ್ಲಿ ಇಣುಕಬಲ್ಲವರು ಇಣುಕಬಹುದು. ಆದರೆ ಹತ್ತು ವರ್ಷದ ಪತ್ರಗಳು ಬೇರೆಯವರ ಯಂತ್ರದಲ್ಲಿ ಬಿದ್ದಿರುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ?

ದುಡ್ಡು ಕೊಡುವ ಮೊದಲು ಎರಡು ಕೇಳಿ. ಹೊರಹೋಗುವ ಪೋರ್ಟ್ 25 ತೆರೆದುಕೊಡುತ್ತೀರಾ? ರಿವರ್ಸ್ ಡಿಎನ್‌ಎಸ್ ನಾನೇ ಇಟ್ಟುಕೊಳ್ಳಬಹುದಾ? (ಡಿಎನ್‌ಎಸ್ ಹೆಸರು ಕೊಟ್ಟರೆ ಐಪಿ ಹೇಳುತ್ತದೆ, ರಿವರ್ಸ್ ಐಪಿ ಕೊಟ್ಟರೆ ಹೆಸರು ಹೇಳುತ್ತದೆ.) ಬಹಳ ಕಂಪನಿಗಳು 25 ಅನ್ನು ಮುಚ್ಚಿಯೇ ಕೊಡುತ್ತವೆ, ಕೇಳಿದರೆ ಕೆಲವರು ತೆರೆಯುತ್ತಾರೆ, ಕೆಲವರು ತೆರೆಯುವುದೇ ಇಲ್ಲ. ಸರ್ವರ್ ಕೈಗೆ ಬಂದ ಕೂಡಲೇ, ಇನ್ನೇನೂ ಮಾಡುವ ಮೊದಲು, ಆ ಐಪಿಯನ್ನು ಸ್ಪ್ಯಾಮ್‌ಹೌಸ್‌ನಲ್ಲಿ ಹುಡುಕಿ. ನಿಮಗಿಂತ ಮೊದಲು ಆ ವಿಳಾಸದಲ್ಲಿ ಯಾರಿದ್ದರೋ ಗೊತ್ತಿಲ್ಲ. ಪಟ್ಟಿಯಲ್ಲಿದ್ದರೆ ಸರ್ವರ್ ಅಳಿಸಿ ಬೇರೆ ತಗೊಳ್ಳಿ, ಅದನ್ನು ತೊಳೆದು ಚೊಕ್ಕ ಮಾಡುತ್ತೇನೆ ಎಂದು ಕೂರಬೇಡಿ.

ಮನೆಗೂ ಗೇಟಿಗೂ ನಡುವೆ ವೈರ್‌ಗಾರ್ಡ್ ಸುರಂಗ ಹಾಕಿ, ಅಂದರೆ ಎರಡು ಯಂತ್ರಗಳ ನಡುವೆ ಹೊರಗಿನವರಿಗೆ ಓದಲಾಗದ ಖಾಸಗಿ ದಾರಿ. 2020ರಿಂದ ಅದು ಲಿನಕ್ಸ್ ಕರ್ನಲ್ಲಿನಲ್ಲೇ ಇದೆ, ಎರಡೂ ಕಡೆ ಹತ್ತು ಹತ್ತು ಸಾಲಿನ ಫೈಲು ಅಷ್ಟೇ. ಗೇಟಿಗೆ 10.8.0.1, ಮನೆಗೆ 10.8.0.2 ಅಂತ ಇಟ್ಟುಕೊಳ್ಳೋಣ. ಮನೆಯ ಕಡೆಯಿಂದ ಸುರಂಗ ಹೊರಡುವುದರಿಂದ ಸಿಜಿನ್ಯಾಟ್ ಇದ್ದರೂ ಅಡ್ಡಿಯಿಲ್ಲ. ಮನೆಯ ಫೈಲಿನಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಅಂತ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಸುರಂಗವನ್ನು ನಡುವಿನ ಯಂತ್ರಗಳು ಮರೆತುಬಿಡುತ್ತವೆ. ಇನ್ನೊಂದು ಸಣ್ಣ ವಿಷಯ, ಇದು ನನ್ನ ಒಂದು ಇಡೀ ರಾತ್ರಿ ತಿಂದಿದೆ. ಬರೀ ಅಕ್ಷರದ ಮೇಲುಗಳು ಬರುತ್ತಿವೆ, ಫೋಟೋ ಇರುವವು ಅರ್ಧಕ್ಕೆ ನಿಂತು ಕಾಲ ಮೀರಿತು ಎನ್ನುತ್ತಿವೆ ಎಂದಾದರೆ, ಮೇಲ್ ಸಾಗಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸ್‌ನಲ್ಲಿ ಏನೂ ಹುಡುಕಬೇಡಿ. ಸುರಂಗದ ಎಂಟಿಯು (ಒಂದು ಸಲಕ್ಕೆ ಹೋಗಬಹುದಾದ ತುಂಡಿನ ಗರಿಷ್ಠ ಗಾತ್ರ) ಜಾಸ್ತಿಯಾಗಿರುತ್ತದೆ. ಸಾಮಾನ್ಯವಾಗಿ 1420 ಇರುತ್ತದೆ, 1380ಕ್ಕೆ ಇಳಿಸಿ ನೋಡಿ.

ಈಗ ನಾನು ಮಾಡಿದ ದೊಡ್ಡ ತಪ್ಪು. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಶುರುವಿನಲ್ಲಿ ನಾನು ಗೇಟಿನಲ್ಲಿ ಯಾವ ಮೇಲ್ ತಂತ್ರಾಂಶವನ್ನೂ ಹಾಕಿರಲಿಲ್ಲ. 25ಕ್ಕೆ ಬಂದದ್ದನ್ನೆಲ್ಲ ಹಾಗೇ ಸುರಂಗದೊಳಗೆ ಮನೆಗೆ ತಳ್ಳುವಂತೆ ಫೈರ್‌ವಾಲ್ ನಿಯಮ ಬರೆದಿದ್ದೆ, ಉತ್ತರ ಸರಿಯಾಗಿ ಹಿಂದಿರುಗಲಿ ಎಂದು ಮಾಸ್ಕರೇಡ್ ಕೂಡ ಹಾಕಿದ್ದೆ. ಎಲ್ಲ ಚೆನ್ನಾಗಿ ನಡೆಯಿತು. ಆದರೆ ಮಾಸ್ಕರೇಡ್ ಹಾಕಿದಾಗ ಹೊರಗಿನಿಂದ ಯಾರೇ ಬರಲಿ, ಮನೆಯ ಸರ್ವರಿಗೆ ಅವರು 10.8.0.1ರಿಂದ ಬಂದ ಹಾಗೆ ಕಾಣುತ್ತಾರೆ. ನಾನು ಪೋಸ್ಟ್‌ಫಿಕ್ಸ್‌ನ ಮೈನೆಟ್‌ವರ್ಕ್ಸ್ ಸಾಲಿನಲ್ಲಿ ಸುರಂಗದ ಇಡೀ ಜಾಲವನ್ನು ನಂಬಿಕಸ್ಥರ ಪಟ್ಟಿಗೆ ಸೇರಿಸಿದ್ದೆ. ಎರಡನ್ನೂ ಕೂಡಿಸಿ ನೋಡಿ. ಜಗತ್ತಿನ ಯಾರು ಬೇಕಾದರೂ ನನ್ನ ಸರ್ವರ್ ಮೂಲಕ ಯಾರಿಗೆ ಬೇಕಾದರೂ ಮೇಲ್ ಕಳುಹಿಸಬಹುದಿತ್ತು. ಓಪನ್ ರಿಲೇ ಎನ್ನುವುದು ಇದಕ್ಕೇ. ಮೂರನೇ ದಿನ ಬೆಳಿಗ್ಗೆ ಮೇಲ್‌ಕ್ಯೂ (ಹೊರಡಲು ಕಾದಿರುವ ಮೇಲುಗಳ ಸರದಿ) ನೋಡಿದರೆ ಪರದೆ ನಿಲ್ಲದೆ ಉರುಳುತ್ತಿತ್ತು, ಒಂದೂ ನನ್ನ ಮೇಲಲ್ಲ. ತಕ್ಷಣ ಸರ್ವರ್ ನಿಲ್ಲಿಸಿ, ಸರದಿಯನ್ನು ಪೂರ್ತಿ ಖಾಲಿ ಮಾಡಿ, ಆ ಐಪಿಯನ್ನೇ ಬಿಟ್ಟು ಹೊಸದು ತಗೊಂಡು ಮೊದಲಿನಿಂದ ಶುರು ಮಾಡಿದೆ.

ಈಗ ಎರಡೂ ಕಡೆ ಪೋಸ್ಟ್‌ಫಿಕ್ಸ್ ಇದೆ. ಗೇಟಿನಲ್ಲಿರುವ ಪೋಸ್ಟ್‌ಫಿಕ್ಸ್ ಹೊರಗಿನವರ ಜೊತೆ ತಾನೇ ಮಾತಾಡಿ, ಬಂದವರ ನಿಜವಾದ ವಿಳಾಸ ನೋಡಿ, ನನ್ನ ಡೊಮೇನಿನ ಮೇಲ್ ಆದರೆ ಮಾತ್ರ ತಗೊಂಡು ಸುರಂಗದಲ್ಲಿ ಮನೆಗೆ ದಾಟಿಸುತ್ತದೆ. ರಿಲೇ ಡೊಮೇನ್ಸ್‌ನಲ್ಲಿ ನನ್ನ ಡೊಮೇನ್, ಟ್ರಾನ್ಸ್‌ಪೋರ್ಟ್ ಮ್ಯಾಪ್ಸ್‌ನಲ್ಲಿ (ಯಾವ ಮೇಲ್ ಎಲ್ಲಿಗೆ ದಾಟಬೇಕು ಎಂಬ ಪಟ್ಟಿ) 10.8.0.2, ಮೈನೆಟ್‌ವರ್ಕ್ಸ್‌ನಲ್ಲಿ ಅದರದೇ ಯಂತ್ರ ಮತ್ತು 10.8.0.2 ಇಷ್ಟೇ. ರಿಲೇ ರೆಸಿಪಿಯೆಂಟ್ ಮ್ಯಾಪ್ಸ್‌ನಲ್ಲಿ ನಮ್ಮ ಮನೆಯ ವಿಳಾಸಗಳ ಪಟ್ಟಿಯನ್ನೂ ಕೊಟ್ಟಿದ್ದೇನೆ. ಅದು ಇಲ್ಲದಿದ್ದರೆ ಗೇಟು ಇಲ್ಲದ ಹೆಸರುಗಳಿಗೂ 250 ಹೇಳಿ ಹೊಣೆ ಹೊತ್ತುಕೊಳ್ಳುತ್ತದೆ, ಆಮೇಲೆ ಮನೆ ಬೇಡ ಎಂದಾಗ ಏನೂ ಅರಿಯದ ಯಾರಿಗೋ ವಾಪಸ್ ಪತ್ರ ಕಳುಹಿಸುತ್ತದೆ. ಮನೆಯ ಪೋಸ್ಟ್‌ಫಿಕ್ಸ್‌ನಲ್ಲಿ ಮೈನೆಟ್‌ವರ್ಕ್ಸ್ 127.0.0.0/8 (ಅಂದರೆ ಆ ಯಂತ್ರ) ಮಾತ್ರ, ರಿಲೇಹೋಸ್ಟ್ (ಹೊರಹೋಗುವ ಮೇಲ್ ಒಪ್ಪಿಸುವ ಕಡೆ) 10.8.0.1. ಇದರಿಂದ ಇನ್ನೊಂದು ಲಾಭ. ಮನೆಯಲ್ಲಿ ಕರೆಂಟ್ ಹೋದರೆ ಮೇಲುಗಳು ಗೇಟಿನ ಸರದಿಯಲ್ಲೇ ಕಾಯುತ್ತವೆ. ಪೋಸ್ಟ್‌ಫಿಕ್ಸ್ ತಾನಾಗಿ 5 ದಿನ ಕಾಯುತ್ತದೆ, ನಾನು 10 ದಿನ ಮಾಡಿಟ್ಟಿದ್ದೇನೆ.

ಹೆಸರು, ವಿಳಾಸ, ಸಹಿ

ಡೊಮೇನ್ ಹೆಸರನ್ನು ತಗೊಳ್ಳುವಾಗ ಫೋನಿನಲ್ಲಿ ಒಂದೇ ಸಲಕ್ಕೆ ಹೇಳಿ ಬರೆಸಬಹುದಾದ ಹೆಸರು ನೋಡಿ. ಬ್ಯಾಂಕಿನವರಿಗೆ, ಅಂಗಡಿಯವರಿಗೆ ಜೀವನಪೂರ್ತಿ ಅದನ್ನು ಹೇಳಬೇಕಾಗುತ್ತದೆ. ಅಗ್ಗಕ್ಕೆ ಸಿಗುತ್ತದೆ ಎಂದು ವಿಚಿತ್ರ ಬಾಲದ ಹೆಸರುಗಳು ಬೇಡ, ಅಂಥವುಗಳಲ್ಲಿ ಕೆಲವನ್ನು ಸ್ಪ್ಯಾಮ್ ಕಳುಹಿಸುವವರು ಕೆಡಿಸಿಟ್ಟಿದ್ದಾರೆ. ಡಾಟ್ ಇನ್ ಸಾಕು.

ಉದಾಹರಣೆಗೆ ನಿಮ್ಮ ಡೊಮೇನ್ ಎಕ್ಸಾಂಪಲ್ ಡಾಟ್ ಕಾಮ್, ಗೇಟಿನ ಐಪಿ 203.0.113.25 ಎಂದುಕೊಳ್ಳಿ. ಗೇಟಿಗೆ ಮೇಲ್ ಡಾಟ್ ಎಕ್ಸಾಂಪಲ್ ಡಾಟ್ ಕಾಮ್ ಅಂತ ಹೆಸರಿಡಿ. ಎ ರೆಕಾರ್ಡ್ ಆ ಹೆಸರನ್ನು ಐಪಿಗೆ ತೋರಿಸಬೇಕು. ಡೊಮೇನಿನ ಮೇಲ್ ಎಲ್ಲಿಗೆ ಬರಬೇಕು ಎಂದು ಹೇಳುವ ಎಂಎಕ್ಸ್ ರೆಕಾರ್ಡ್ ಆ ಹೆಸರನ್ನು ತೋರಿಸಬೇಕು, ಐಪಿಯನ್ನಲ್ಲ, ಆ ಹೆಸರು ಸಿನೇಮ್ (ಇನ್ನೊಂದು ಹೆಸರಿಗೆ ಅಡ್ಡಹೆಸರು) ಆಗಿಯೂ ಇರಬಾರದು. ವಿಪಿಎಸ್ ಕಂಪನಿಯ ಪುಟದಲ್ಲಿ ಆ ಐಪಿಯ ರಿವರ್ಸ್ ರೆಕಾರ್ಡ್ ತಿರುಗಿ ಅದೇ ಹೆಸರನ್ನು ಹೇಳಬೇಕು. ಪೋಸ್ಟ್‌ಫಿಕ್ಸ್ ತನ್ನನ್ನು ಪರಿಚಯಿಸಿಕೊಳ್ಳುವಾಗಲೂ ಅದೇ ಹೆಸರು. ಹೆಸರು, ಐಪಿ, ಮತ್ತೆ ಹೆಸರು, ಈ ಸುತ್ತು ಎಲ್ಲೂ ಕಡಿಯಬಾರದು. ಮೇಲ್ ಹೋಗುತ್ತಿಲ್ಲ ಎಂದು ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರ ತೊಂದರೆ ಈ ಸುತ್ತಿನಲ್ಲೇ ಇತ್ತು.

ಆಮೇಲೆ ಮೂರು ಟಿಎಕ್ಸ್‌ಟಿ ರೆಕಾರ್ಡುಗಳು, ಅಂದರೆ ಡಿಎನ್‌ಎಸ್‌ನಲ್ಲಿ ಇಡುವ ಬರಹದ ಸಾಲುಗಳು. ಎಸ್‌ಪಿಎಫ್ ಎಂದರೆ ನನ್ನ ಹೆಸರಿನಲ್ಲಿ ಯಾವ ಯಂತ್ರ ಮೇಲ್ ಕಳುಹಿಸಬಹುದು ಎಂಬ ಘೋಷಣೆ. ಎಂಎಕ್ಸ್‌ನಲ್ಲಿರುವುದು ಮಾತ್ರ, ಬೇರೆ ಯಾವುದೂ ಅಲ್ಲ ಎಂಬ ಒಂದೇ ಸಾಲು ನಿಮಗೆ ಸಾಕು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಇರಬೇಕು, ಎರಡು ಹಾಕಿದರೆ ಎರಡೂ ಹಾಳು. ಡಿಕಿಮ್ ಎಂದರೆ ಸಹಿ. ಹೊರಹೋಗುವ ಪ್ರತಿ ಮೇಲಿಗೂ ಗೇಟು ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ, ಎಲ್ಲರಿಗೂ ಕಾಣುವ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. 2048 ಬಿಟ್ಟಿನ ಕೀಲಿ ಮಾಡಿ. ಇಲ್ಲೊಂದು ಎಡವಟ್ಟು ಆಗುತ್ತದೆ. ಟಿಎಕ್ಸ್‌ಟಿ ರೆಕಾರ್ಡಿನ ಒಂದು ತುಂಡಿನಲ್ಲಿ 255 ಅಕ್ಷರ ಮಾತ್ರ ಹಿಡಿಯುತ್ತದೆ, 2048ರ ಕೀಲಿ ಅದಕ್ಕಿಂತ ಉದ್ದ. ಎರಡು ತುಂಡು ಮಾಡಿ ಎರಡೂ ತುಂಡಿಗೆ ಉದ್ಧರಣ ಚಿಹ್ನೆ ಹಾಕಬೇಕು. ಕೆಲವು ಡೊಮೇನ್ ಮಾರುವವರ ಪುಟಗಳು ತಾವೇ ತುಂಡು ಮಾಡುತ್ತವೆ, ಕೆಲವು ಹೇಳದೆ ಕೇಳದೆ ಬಾಲ ಕತ್ತರಿಸುತ್ತವೆ. ಹಾಕಿದ ಮೇಲೆ ಡಿಗ್ ಆಜ್ಞೆಯಿಂದ ತೆಗೆದು ಕೊನೆಯ ಅಕ್ಷರದವರೆಗೂ ಹೋಲಿಸಿ ನೋಡಿ.

ಮೂರನೆಯದು ಡಿಮಾರ್ಕ್. ಮೊದಲ ಎರಡರಲ್ಲಿ ಒಂದೂ ನನ್ನ ಡೊಮೇನಿಗೆ ಸರಿಹೊಂದದಿದ್ದರೆ ಏನು ಮಾಡಬೇಕು ಎಂದು ಎದುರಿನವರಿಗೆ ಹೇಳುವ ಸಾಲು. ಶುರುವಿಗೆ ನೀತಿ ನನ್ (ಏನೂ ಮಾಡಬೇಡಿ) ಅಂತ ಇಟ್ಟು, ವರದಿಗಳನ್ನು ನಿಮ್ಮ ಒಂದು ವಿಳಾಸಕ್ಕೆ ತರಿಸಿಕೊಳ್ಳಿ. ಒಂದು ತಿಂಗಳ ವರದಿ ಸ್ವಚ್ಛವಾಗಿದ್ದರೆ ಕ್ವಾರಂಟೈನ್ (ಸ್ಪ್ಯಾಮಿಗೆ ಹಾಕಿ), ಆಮೇಲೆ ರಿಜೆಕ್ಟ್ (ತಗೊಳ್ಳಲೇಬೇಡಿ).

ಇದೆಲ್ಲ ಈಗ ಕಡ್ಡಾಯದ ಹಾಗೇ ಆಗಿದೆ. 2024ರ ಫೆಬ್ರುವರಿಯಿಂದ ಜಿಮೇಲ್ ತನಗೆ ಮೇಲ್ ಕಳುಹಿಸುವ ಎಲ್ಲರೂ ಎಸ್‌ಪಿಎಫ್ ಅಥವಾ ಡಿಕಿಮ್, ಸರಿಯಾದ ರಿವರ್ಸ್ ರೆಕಾರ್ಡ್, ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂತೆ ಮುಚ್ಚಿ ಕಳುಹಿಸುವುದು) ಇಟ್ಟುಕೊಳ್ಳಬೇಕು ಎಂದಿದೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳುಹಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು. ನಿಮ್ಮದು ದಿನಕ್ಕೆ ಐದು ಇರಬಹುದು, ಆದರೂ ಮೂರನ್ನೂ ಮಾಡಿ.

ತಂತ್ರಾಂಶ

ನಾನು ಹೇಳುವುದು ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್. ಪೋಸ್ಟ್‌ಫಿಕ್ಸ್ ಅನ್ನು ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರತಂದರು. ಡವ್‌ಕಾಟ್ 2002ರಲ್ಲಿ ಟಿಮೊ ಸಿರೈನೆನ್ ಅವರಿಂದ ಬಂತು. ಮೊದಲನೆಯದು ಮೇಲ್ ಸಾಗಿಸುತ್ತದೆ, ಎರಡನೆಯದು ಇಟ್ಟುಕೊಂಡು ನಿಮ್ಮ ಫೋನಿಗೂ ಲ್ಯಾಪ್‌ಟಾಪಿಗೂ ಐಮ್ಯಾಪ್ ಮೂಲಕ ತೋರಿಸುತ್ತದೆ. ಮೇಲುಗಳನ್ನು ಮೇಲ್‌ಡಿರ್ ರೀತಿಯಲ್ಲಿ ಇಡಿ. ಒಂದು ಮೇಲಿಗೆ ಒಂದು ಫೈಲು, ಕಣ್ಣಿಗೆ ಕಾಣುತ್ತದೆ, ನಕಲು ಮಾಡುವುದು ಸುಲಭ.

ಎಲ್ಲವನ್ನೂ ಒಂದೇ ಸಲ ಹಾಕಿಕೊಡುವ ಮೇಲ್‌ಕೌ, ಮೇಲ್ ಇನ್ ಎ ಬಾಕ್ಸ್, ಸ್ಟಾಲ್‌ವರ್ಟ್ ಮುಂತಾದವು ಇವೆ, ಒಳ್ಳೆಯವೇ. ಆದರೆ ಕಲಿಯಬೇಕು ಎಂದು ಬಂದಿದ್ದೀರಲ್ಲ, ಮೊದಲ ಸಲ ಕೈಯಿಂದ ಮಾಡಿ. ರಾತ್ರಿ ಹನ್ನೊಂದಕ್ಕೆ ಏನೋ ನಿಂತಾಗ ಎಲ್ಲಿ ಕೈ ಹಾಕಬೇಕು ಎಂದು ಗೊತ್ತಿರುತ್ತದೆ.

ಸ್ಪ್ಯಾಮ್ ಸೋಸಲು ಆರ್‌ಸ್ಪ್ಯಾಮ್‌ಡಿ ಹಾಕಿ, ಅದನ್ನು ಗೇಟಿನಲ್ಲೇ ಇಡಿ. ಬಂದವರ ನಿಜವಾದ ಐಪಿ ಅಲ್ಲಿ ಮಾತ್ರ ಕಾಣುತ್ತದೆ, ಆ ಕೊನೆಯ 250 ಹೇಳುವ ಮೊದಲೇ ಬೇಡ ಎನ್ನಬಹುದು. ಡಿಕಿಮ್ ಸಹಿಯನ್ನೂ ಅದೇ ಹಾಕುತ್ತದೆ. ಒಂದು ಎಚ್ಚರಿಕೆ: ಗೇಟಿನ ಡಿಎನ್‌ಎಸ್ ಆಗಿ 8.8.8.8 ತರಹದ ಸಾರ್ವಜನಿಕ ಸರ್ವರ್ ಇಡಬೇಡಿ. ಅಲ್ಲಿಂದ ಕೇಳಿದರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡದೆ 127.255.255.254 ಎಂಬ ಅಂಕಿ ಕಳುಹಿಸುತ್ತದೆ. ಅದನ್ನು ಪಟ್ಟಿಯಲ್ಲಿದೆ ಎಂದು ತಪ್ಪಾಗಿ ತಿಳಿದ ಸರ್ವರ್ ಬಂದ ಮೇಲನ್ನೆಲ್ಲ ಹಿಂದಕ್ಕೆ ಕಳುಹಿಸಬಹುದು. ಗೇಟಿನಲ್ಲೇ ಓಡುವ ಸ್ವಂತ ಡಿಎನ್‌ಎಸ್ ತಂತ್ರಾಂಶ ಅನ್‌ಬೌಂಡ್ ಹಾಕಿಕೊಳ್ಳಿ, ಐದು ನಿಮಿಷದ ಕೆಲಸ.

ಫೋನಿನಿಂದ ಮೇಲ್ ನೋಡಲು 993, ಕಳುಹಿಸಲು 465. ಈ ಎರಡನ್ನೂ ಹೊರಜಗತ್ತಿಗೆ ತೆರೆಯಲೇಬೇಡಿ. ಫೋನಿಗೂ ವೈರ್‌ಗಾರ್ಡ್ ಆ್ಯಪ್ ಹಾಕಿ ಸುರಂಗದಿಂದಲೇ ಬನ್ನಿ. ಹಗಲು ರಾತ್ರಿ ಪಾಸ್‌ವರ್ಡ್ ಊಹಿಸಲು ನೋಡುವವರ ಕಾಟ ಇದರಿಂದ ಪೂರ್ತಿ ತಪ್ಪುತ್ತದೆ. ಪ್ರಪಂಚಕ್ಕೆ ಕಾಣುವ ಮೇಲ್ ಬಾಗಿಲು ಗೇಟಿನ 25 ಒಂದೇ. ಟಿಎಲ್‌ಎಸ್‌ಗೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತವಾಗಿ ಸಿಗುತ್ತದೆ, ಡಿಎನ್‌ಎಸ್ ಮೂಲಕ ಪಡೆಯುವ ವಿಧಾನ ಆರಿಸಿ, ಅದಕ್ಕೆ ಮನೆಯ ಯಾವ ಪೋರ್ಟೂ ತೆರೆಯಬೇಕಿಲ್ಲ. ತಾನಾಗಿ ನವೀಕರಣ ಆಗುತ್ತಿದೆಯಾ, ಆದ ಮೇಲೆ ಡವ್‌ಕಾಟ್ ಅದನ್ನು ಮತ್ತೆ ಓದಿಕೊಳ್ಳುತ್ತಿದೆಯಾ ಎಂದು ಒಂದು ಸಲ ನೋಡಿ.

ಪೋಸ್ಟ್‌ಫಿಕ್ಸ್ ಸುಮಾರು 10 ಎಂಬಿಗಿಂತ ದೊಡ್ಡ ಮೇಲ್ ತಗೊಳ್ಳುವುದಿಲ್ಲ. ಮದುವೆ ಫೋಟೋ ಕಳುಹಿಸುವ ನೆಂಟರಿರುವ ಮನೆಗೆ ಅದು ಸಾಲದು. ಮೆಸೇಜ್ ಸೈಜ್ ಲಿಮಿಟ್ ಅನ್ನು ಗೇಟಿನಲ್ಲೂ ಮನೆಯಲ್ಲೂ 50 ಎಂಬಿ ಮಾಡಿ.

ಕಳುಹಿಸುವುದು

ಮೊದಲ ಒಂದು ತಿಂಗಳು ಬರೀ ಪಡೆಯಿರಿ. ಒಂದೆರಡು ಸುದ್ದಿಪತ್ರಗಳಿಗೆ ಈ ವಿಳಾಸ ಕೊಡಿ, ಮನೆಯವರಿಗೆ ಕೊಡಿ. ದಿನಾ ಬೆಳಿಗ್ಗೆ ಲಾಗ್ ಓದಿ. ಆಮೇಲೆ ನಿಮ್ಮನ್ನು ಬಲ್ಲವರಿಗೆ ಒಂದೊಂದು ಮೇಲ್ ಕಳುಹಿಸಿ, ಉತ್ತರ ಬರೆಯಲು ಹೇಳಿ. ಸ್ಪ್ಯಾಮಿಗೆ ಬಿದ್ದಿದ್ದರೆ ಸ್ಪ್ಯಾಮ್ ಅಲ್ಲ ಎಂದು ಒತ್ತಲು ಹೇಳಿ. ಹೊಸ ಡೊಮೇನ್, ಹೊಸ ಐಪಿ ಎಂದರೆ ಊರಿಗೆ ಹೊಸದಾಗಿ ಬಾಡಿಗೆಗೆ ಬಂದವರ ಹಾಗೆ. ಅಂಗಡಿಯವನು ಮೊದಲ ದಿನವೇ ಸಾಲ ಕೊಡುವುದಿಲ್ಲ, ಮುಖ ಪರಿಚಯ ಆಗಬೇಕು.

ಜಿಮೇಲಿನಲ್ಲಿ ಬಂದ ಮೇಲ್ ತೆರೆದು ಮೂಲ ತೋರಿಸು ಎಂದು ಒತ್ತಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪಾಸ್ ಆಗಿವೆಯಾ ಎಂದು ಕಾಣುತ್ತದೆ. ಮೇಲ್ ಯಾವ ಯಂತ್ರಗಳನ್ನು ದಾಟಿ ಬಂತು ಎಂದು ಹೇಳುವ ರಿಸೀವ್ಡ್ ಸಾಲುಗಳನ್ನೂ ಅಲ್ಲೇ ಓದಿ. ನಿಮ್ಮ ಫೋನಿನ ಒಳವಿಳಾಸ ಅಲ್ಲಿ ಕಾಣುತ್ತಿದ್ದರೆ ಹೆಡರ್ ಚೆಕ್ಸ್ ಬಳಸಿ ತೆಗೆಸಿ. ಗೇಟಿಗೆ ಐಪಿವಿ6 (ಹೊಸ ಬಗೆಯ ಉದ್ದದ ಐಪಿ) ಕೂಡ ಇದ್ದು ಅದಕ್ಕೆ ರಿವರ್ಸ್ ರೆಕಾರ್ಡ್ ಇಲ್ಲದಿದ್ದರೆ ಜಿಮೇಲ್ ಒಪ್ಪುವುದಿಲ್ಲ. ಇನೆಟ್ ಪ್ರೋಟೋಕಾಲ್ಸ್ ಸಾಲಿನಲ್ಲಿ ಐಪಿವಿ4 ಮಾತ್ರ ಎಂದು ಹಾಕಿ, ಸದ್ಯಕ್ಕೆ ಅಷ್ಟು ಸಾಕು.

ಎಲ್ಲ ಸರಿ ಮಾಡಿದ ಮೇಲೂ ಒಂದು ದೊಡ್ಡ ಸೇವೆಯವರು ನಿಮ್ಮನ್ನು ಒಳಗೆ ಬಿಡದೇ ಇರಬಹುದು. ಅಕ್ಕಪಕ್ಕದ ಐಪಿಗಳಲ್ಲಿ ಯಾರೋ ಕೆಟ್ಟದ್ದು ಮಾಡಿದರೆ ಇಡೀ ಬೀದಿಗೆ ಕೆಟ್ಟ ಹೆಸರು ಬರುತ್ತದೆ. ಅಂಥ ಸಂದರ್ಭದಲ್ಲಿ ಆ ಒಂದು ಸೇವೆಗೆ ಹೋಗುವ ಮೇಲನ್ನು ಮಾತ್ರ, ಟ್ರಾನ್ಸ್‌ಪೋರ್ಟ್ ಮ್ಯಾಪ್ಸ್ ಬಳಸಿ, ದುಡ್ಡು ತಗೊಂಡು ಮೇಲ್ ಸಾಗಿಸುವ ಯಾವುದಾದರೂ ರಿಲೇ ಮೂಲಕ ಕಳುಹಿಸಿ. ಆಗ ಅವರ ಸರ್ವರನ್ನು ನಿಮ್ಮ ಎಸ್‌ಪಿಎಫ್ ಸಾಲಿಗೆ ಸೇರಿಸಬೇಕು. ಇದರಲ್ಲಿ ಸೋತ ಹಾಗೇನಿಲ್ಲ, ಡಬ್ಬಿ ಇನ್ನೂ ನಿಮ್ಮ ಮನೆಯಲ್ಲೇ ಇದೆ.

ಕನ್ನಡದ ಮೇಲ್

ಸರ್ವರ್ ಎದ್ದ ಮೇಲೆ ಪರೀಕ್ಷೆಗೆ ಟೆಸ್ಟ್ ಟೆಸ್ಟ್ ಎಂದು ಬರೆಯುವ ಬದಲು ಕನ್ನಡದಲ್ಲಿ ಉದ್ದದ ವಿಷಯ ಸಾಲು ಬರೆದು ಕಳುಹಿಸಿ, ಒತ್ತಕ್ಷರಗಳು ಚೆನ್ನಾಗಿರಲಿ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು, ಹಾಗಾಗಿ ವಿಷಯ ಸಾಲು ಸಂಕೇತ ರೂಪಕ್ಕೆ ಬದಲಾಗಿ, ತುಂಡು ತುಂಡಾಗಿ ಹೋಗುತ್ತದೆ. ಹಳೆಯ ತಂತ್ರಾಂಶಗಳು ಅಕ್ಷರದ ನಡುವೆಯೇ ಕತ್ತರಿಸಿಬಿಡುತ್ತವೆ, ಆಗ ಅಲ್ಲಲ್ಲಿ ಚೌಕ ಚೌಕ ಕಾಣುತ್ತದೆ.

ವಿಳಾಸವೇ ಕನ್ನಡದಲ್ಲಿರಬಹುದಾ? ಇರಬಹುದು. ಕನ್ನಡ ಲಿಪಿಯ ಡಾಟ್ ಭಾರತ ಡೊಮೇನ್ ಇದೆ, ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಎಸ್‌ಎಂಟಿಪಿ-ಯುಟಿಎಫ್8 (ಇಂಗ್ಲಿಷಲ್ಲದ ಅಕ್ಷರದ ವಿಳಾಸ ಒಪ್ಪುವ ವಿಸ್ತರಣೆ) ಬಲ್ಲದು, ಜಿಮೇಲ್ 2014ರಿಂದಲೇ ಇಂಥ ವಿಳಾಸಗಳ ಜೊತೆ ಮೇಲ್ ಕೊಟ್ಟು ತೆಗೆದುಕೊಳ್ಳುತ್ತದೆ. ಆದರೆ ದಾರಿಯಲ್ಲಿ ಒಂದು ಸರ್ವರ್ ಇದನ್ನು ಅರಿಯದಿದ್ದರೂ ಮೇಲ್ ವಾಪಸ್ ಬರುತ್ತದೆ. ಎಷ್ಟೋ ಜಾಲತಾಣಗಳ ಫಾರಂಗಳು ಕನ್ನಡ ಅಕ್ಷರ ಕಂಡರೆ ಇದು ವಿಳಾಸವೇ ಅಲ್ಲ ಎನ್ನುತ್ತವೆ. ಇಂಗ್ಲಿಷ್ ಅಕ್ಷರದ ವಿಳಾಸವನ್ನೂ ಜೊತೆಗೆ ಇಟ್ಟುಕೊಂಡು, ಕನ್ನಡದ್ದನ್ನು ಗೆಳೆಯರ ನಡುವೆ ಬಳಸಿ. ನಾವು ಬಳಸುತ್ತಾ ಹೋದರೆ ತಾನೇ ಅವರು ಸರಿಮಾಡುವುದು.

ಬ್ಯಾಕಪ್, ಮತ್ತೆ ಮನೆ ಬದಲಾವಣೆ

ಡಿಸ್ಕಿನಲ್ಲಿದ್ದದ್ದು ಹೋದರೆ ಯಾರೂ ಮತ್ತೆ ಕಳುಹಿಸುವುದಿಲ್ಲ, 250 ಹೇಳಿ ಆಗಿದೆ. ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ತಂತ್ರಾಂಶ ಹಾಕಿ ದಿನಾ ರಾತ್ರಿ ಮನೆಯಲ್ಲೇ ಇನ್ನೊಂದು ಡಿಸ್ಕಿಗೆ, ವಾರಕ್ಕೊಮ್ಮೆ ಬೇರೆ ಊರಿನ ಡಿಸ್ಕಿಗೆ ನಕಲು ಹೋಗಲಿ. ನನ್ನದು ಅಕ್ಕನ ಮನೆಯಲ್ಲಿದೆ. ಸಿಡಿಲಿನ ಕಾಲದಲ್ಲಿ ಒಂದೇ ಮನೆಯ ಎರಡು ಡಿಸ್ಕು ಒಟ್ಟಿಗೆ ಹೋಗಬಹುದು. ಬೀಗ ಹಾಕಿದ ಬ್ಯಾಕಪ್ಪಿನ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯವರಿಗೆ ಗೊತ್ತಿರುವ ಕಡೆ ಇಡಿ. ಮೂರು ತಿಂಗಳಿಗೊಮ್ಮೆ ಒಂದು ಹಳೆಯ ಮೇಲನ್ನು ಬ್ಯಾಕಪ್ಪಿನಿಂದ ವಾಪಸ್ ತಂದು ತೆರೆದು ಓದಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ವಿಳಾಸ ಬದಲಿಸುವ ಕೆಲಸ ನಿಧಾನವಾಗಿ ಆಗಲಿ. ಮೊದಲು ಗೆಳೆಯರು, ಆಮೇಲೆ ಸುದ್ದಿಪತ್ರಗಳು, ಆರು ತಿಂಗಳು ಕಳೆದ ಮೇಲೆ ಕರೆಂಟ್ ಬಿಲ್ಲು, ವಿಮೆ, ಎಲ್ಲ ಆದ ಮೇಲೆ ಕೊನೆಗೆ ಬ್ಯಾಂಕು. ಹಳೆಯ ಖಾತೆಯಿಂದ ಹೊಸದಕ್ಕೆ ಮೇಲ್ ದಾಟುವಂತೆ ಇಟ್ಟು ಕನಿಷ್ಠ ಒಂದು ವರ್ಷ ಹಾಗೇ ಬಿಡಿ. ಪೋಸ್ಟ್‌ಮಾಸ್ಟರ್ ಮತ್ತು ಅಬ್ಯೂಸ್ ಎಂಬ ಎರಡು ವಿಳಾಸ ನಿಮ್ಮ ಡೊಮೇನಿನಲ್ಲಿ ಇರಲೇಬೇಕು, ತೊಂದರೆ ಹೇಳಲು ಬೇರೆ ಸರ್ವರಿನವರು ಬರೆಯುವುದು ಅಲ್ಲಿಗೆ.

ಎರಡು ಖಾತೆಗಳನ್ನು ಮಾತ್ರ ಯಾವತ್ತೂ ಈ ವಿಳಾಸಕ್ಕೆ ತರಬೇಡಿ: ಡೊಮೇನ್ ಕೊಂಡ ಕಡೆಯ ಖಾತೆ, ವಿಪಿಎಸ್ ಖಾತೆ. ಡೊಮೇನ್ ನವೀಕರಿಸಿ ಎಂಬ ನೆನಪಿನ ಪತ್ರ ಅದೇ ಡೊಮೇನಿಗೆ ಬರುವಂತಿದ್ದು, ನೀವು ಅದನ್ನು ನೋಡದೆ ಅವಧಿ ಮುಗಿದರೆ, ಪಾಸ್‌ವರ್ಡ್ ಮರುಹೊಂದಿಸುವ ಮೇಲ್ ಕೂಡ ಬರಲು ದಾರಿ ಇರುವುದಿಲ್ಲ. ಆ ಎರಡಕ್ಕೆ ಬೇರೆ ಕಡೆಯ ಒಂದು ವಿಳಾಸ ಇಟ್ಟುಕೊಳ್ಳಿ. ಡೊಮೇನನ್ನು ಒಂದೇ ಸಲಕ್ಕೆ ಐದು ವರ್ಷಕ್ಕೆ ಕಟ್ಟಿಬಿಡಿ, ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ.